ಬೆಳಗಾವಿ ಅಧಿವೇಶನಕ್ಕೆ ನಮ್ಮೂರ ಪ್ರಶ್ನೆ ಮುಟ್ಟಿಸುವುದು ಹೇಗೆ?

ನಾನು ಮುಧೋಳ ತಾಲ್ಲೂಕಿನವಳು, ಹೊಲಿಗೆ ಕೆಲಸ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿದಾಗ ಹೊಲಿಗೆ ಮಷಿನ್ ಅಟ್ಟಕ್ಕೇರಿಸಿ ಶಾಲೆಯಲ್ಲಿ ಮಲಗಿದ್ದೆವು. ನೀರು ಇಳಿದ ಮೇಲೆ ಹಾವುಗಳ ಕಾಟ. ಕಚ್ಚಿಸಿಕೊಂಡ ಹುಡುಗನನ್ನು ಆರೋಗ್ಯ ಕೇಂದ್ರಕ್ಕೆ ಒಯ್ದರೆ ಇಂಜೆಕ್ಷನ್ನೇ ಇರಲಿಲ್ಲ. ಪುಣ್ಯಕ್ಕೆ ಬದುಕಿದ.

ಮೊದಲು ಒಂದೇ ವಿಷಯ ಹಿಡಿಯಿರಿ. ಸುಮ್ನೆ ‘ಆಸ್ಪತ್ರೆ ಸರಿಯಿಲ್ಲ’ ಅಂದರೆ ಶಾಸಕರು ಚಹಾ ಕುಡಿಸಿ ಕಳಿಸುತ್ತಾರೆ, ಅಷ್ಟೆ.

ಲೆಕ್ಕ ಕೈಯಲ್ಲಿರಬೇಕು. ಅದಕ್ಕೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ’ ಅಂತ ಕೇಳಬೇಡಿ, ಜಾರಿಕೊಳ್ಳುತ್ತಾರೆ. ನಾನು ಬರೆದದ್ದು ಹೀಗೆ: ‘ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾವು ಕಡಿತದ ಔಷಧಿ ಎಷ್ಟು ಬಂತು, ಎಷ್ಟು ಬಳಸಿದಿರಿ? ದಾಸ್ತಾನು ಪುಸ್ತಕದ ನಕಲು ಕೊಡಿ.’ 30 ದಿನದಲ್ಲಿ ಉತ್ತರ ಕೊಡಬೇಕು. ಸುವರ್ಣ ಸೌಧದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ಹಾಗಾಗಿ ಅರ್ಜಿ ಸೆಪ್ಟೆಂಬರ್ ಕೊನೆಗೇ ಹೋಗಲಿ.

ಗ್ರಾಮಸಭೆಯಲ್ಲಿ ಠರಾವು ಬರೆಸಿ. ಹೆಂಗಸರು ಜಾಸ್ತಿ ಬಂದರೆ ಕೆಲಸ ಬೇಗ ಆಗುತ್ತದೆ, ಇದು ನನ್ನ ಅನುಭವ.

ನಂತರ ಶಾಸಕರಿಗೆ ಒಂದೇ ಹಾಳೆ ಕೊಡಿ. ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಿ ಅನ್ನಿ, ಆಗ ಮಂತ್ರಿ ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾಗುತ್ತದೆ. ಚುಕ್ಕೆ ಇಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಶಾಸಕರು ಒಪ್ಪದಿದ್ದರೆ ವಿಧಾನ ಪರಿಷತ್ ಸದಸ್ಯರೂ ಇದ್ದಾರಲ್ವಾ? ಕೊಟ್ಟ ಹಾಳೆಯ ಜೆರಾಕ್ಸ್ ಮೇಲೆ ಸಹಿ, ತಾರೀಕು ಹಾಕಿಸಿಕೊಳ್ಳಲು ಮರೆಯಬೇಡಿ.