ನೀಲಿ ಬಟ್ಟೆಯ ಮೇಲೊಂದು ಕೆಂಪು ಚುಕ್ಕೆ

ಜೇಬಿನ ಕಸೂತಿಯಲ್ಲಿ ಕೆಂಪು ಹೊಲಿಗೆಯೊಂದು ಹೆಚ್ಚಾಗಿ ಬಿದ್ದಿದೆ ಎಂದುಕೊಂಡು ಅದನ್ನು ಅಳಿಸಲು ಅರ್ಧ ಗಂಟೆ ಹೆಣಗಿದ್ದೇನೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವರಿಗೆ ಲೇಬಲ್ ಮತ್ತು ಕಸೂತಿ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ಪರದೆಯ ತುಂಬ ದಿನವಿಡೀ ಕಡು ನೀಲಿ. ಅದರ ನಡುವೆ ಸಾಸಿವೆಯ ಕಾಲು ಭಾಗವೂ ಇಲ್ಲದ ಕೆಂಪು ಚುಕ್ಕೆ ಕುಳಿತರೆ ಕಣ್ಣು ಬೇರೇನನ್ನೂ ನೋಡುವುದಿಲ್ಲ. ಕೊನೆಗೆ ಚಿತ್ರವನ್ನೇ ಪಕ್ಕಕ್ಕೆ ಎಳೆದೆ. ಜೇಬು ಸರಿಯಿತು, ಚುಕ್ಕೆ ಸರಿಯಲಿಲ್ಲ.

ನಮ್ಮೂರಿನಲ್ಲಿ ಇಂಥದ್ದಕ್ಕೆ ಮೊದಲ ಅನುಮಾನ ಧೂಳಿನ ಮೇಲೆ. ಮಾನಿಟರ್ ಆರಿಸಿ, ಕನ್ನಡಕದ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ಒರೆಸಿದೆ. ಹೋಗಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳುಹಿಸಿಕೊಂಡು ನೋಡಿದೆ. ಅಲ್ಲಿ ಚುಕ್ಕೆ ಇರಲಿಲ್ಲ. ಅಲ್ಲಿಗೆ ಕಡತದ ದೋಷವೂ ಅಲ್ಲ, ಗ್ರಾಫಿಕ್ಸ್ ಕಾರ್ಡಿನ ದೋಷವೂ ಅಲ್ಲ, ಪರದೆಯದೇ ಎಂದು ಖಚಿತವಾಯಿತು.

ನನ್ನದು 21.5 ಇಂಚಿನ, ಐಪಿಎಸ್ ಎಂಬ ಬಗೆಯ ಎಲ್ಸಿಡಿ ಮಾನಿಟರ್. ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಪುಟ್ಟ ಬೆಳಕಿನ ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು. ಪ್ರತಿಯೊಂದರಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಪಿಕ್ಸೆಲ್‌ಗಳು, ಒಂದೊಂದಕ್ಕೂ ಟ್ರಾನ್ಸಿಸ್ಟರ್ ಎಂಬ ತನ್ನದೇ ಸ್ವಿಚ್ಚು. ಅರವತ್ತೆರಡು ಲಕ್ಷ ಪುಟ್ಟ ಕಿಟಕಿಗಳಲ್ಲಿ ಒಂದು ತೆರೆದೇ ಉಳಿದಿತ್ತು, ಅಷ್ಟೆ. ಲೆಕ್ಕ ಹಾಕಿದರೆ ಸಿಟ್ಟು ಬರಬಾರದು. ಆದರೆ ಬಂತು.

ಬರಿ ಬಣ್ಣದ ಐದು ಚಿತ್ರಗಳನ್ನು ಮಾಡಿಕೊಂಡೆ: ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ. ಒಂದೊಂದನ್ನೇ ಪರದೆಯ ತುಂಬ ತೆರೆದು, ಕೋಣೆಯ ದೀಪ ಆರಿಸಿ ನೋಡಿದೆ. ಕಪ್ಪಿನಲ್ಲಿ ಆ ಚುಕ್ಕೆ ಕೆಂಡದಂತೆ ಹೊಳೆಯಿತು. ನೀಲಿಯಲ್ಲಿ ನೇರಳೆಗೆಂಪಾಯಿತು. ಬಿಳಿಯಲ್ಲಿ ಮಾಯ, ಏಕೆಂದರೆ ಬಿಳಿಗೆ ಮೂರೂ ಬಣ್ಣ ಉರಿಯಲೇಬೇಕು, ಇದು ಹೇಗೂ ಉರಿಯುತ್ತಲೇ ಇದೆ. ಹೀಗೆ ಒಂದೇ ಬಣ್ಣಕ್ಕೆ ಅಂಟಿಕೊಂಡದ್ದನ್ನು ಸ್ಟಕ್ ಪಿಕ್ಸೆಲ್ ಎನ್ನುತ್ತಾರೆ. ಅದೇ ಬಿಳಿ ಪರದೆಯಲ್ಲಿ ನಾನು ಹುಡುಕದೇ ಇದ್ದ ಇನ್ನೊಂದು ಸಿಕ್ಕಿತು: ಬಲ ಮೇಲ್ತುದಿಯಲ್ಲಿ ಒಂದು ಕಪ್ಪು ಚುಕ್ಕೆ, ಐದು ಬಣ್ಣಗಳಲ್ಲೂ ಕಪ್ಪೇ. ಅದು ಡೆಡ್ ಪಿಕ್ಸೆಲ್, ಸತ್ತದ್ದು. ಐಪಿಎಸ್ ಪರದೆಯಲ್ಲಿ ವಿದ್ಯುತ್ ತಲುಪದ ಪಿಕ್ಸೆಲ್ ಬೆಳಕನ್ನು ಒಳಗೇ ತಡೆದು ಕಪ್ಪಾಗಿ ಉಳಿಯುತ್ತದೆ. ಟಿಎನ್ ಎಂಬ ಹಳೆಯ ಬಗೆಯ ಪರದೆಗಳಲ್ಲಿ ಇದು ಉಲ್ಟಾ, ವಿದ್ಯುತ್ ಇಲ್ಲದಿದ್ದರೆ ಬೆಳಕು ಹಾಯುತ್ತದೆ.

ಕೊಂಡ ಅಂಗಡಿಗೆ ಹೋದೆ. ವಾರಂಟಿ ಇನ್ನೂ ಇತ್ತು. ‘ಒಂದೆರಡು ಚುಕ್ಕೆಗೆ ಬದಲಿಸಿ ಕೊಡುವುದಿಲ್ಲ’ ಎಂದರು. ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಆದರೆ ಅವರ ಮಾತು ಪೂರ್ತಿ ಹುಸಿಯಲ್ಲ. 2001ರ ಐಎಸ್‌ಒ 13406-2 ಎಂಬ ಅಂತರರಾಷ್ಟ್ರೀಯ ಮಾನದಂಡದ ಎರಡನೆಯ ವರ್ಗದ ಪರದೆಯಲ್ಲಿ ಪ್ರತಿ ಹತ್ತು ಲಕ್ಷ ಪಿಕ್ಸೆಲ್‌ಗೆ ಸದಾ ಬೆಳಗುವ ಎರಡು, ಸದಾ ಕಪ್ಪಾಗಿರುವ ಎರಡು, ಉಪಪಿಕ್ಸೆಲ್ ದೋಷ ಐದು ಇರಬಹುದಿತ್ತು. ಈಗ ಅದರ ಜಾಗಕ್ಕೆ ಐಎಸ್‌ಒ 9241-307 ಬಂದಿದೆ. ಕೆಲವು ಕಂಪನಿಗಳು ಇದಕ್ಕಿಂತ ಉದಾರವಾಗಿರುತ್ತವೆ. ನನ್ನದು ಆ ಗುಂಪಿನದಲ್ಲ. ಕೊಳ್ಳುವ ದಿನವೇ ಆ ಐದು ಬಣ್ಣಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಂಗಡಿಯಲ್ಲೇ ತೆರೆಸಿ ನೋಡಬೇಕಿತ್ತು. ಜೀನ್ಸ್ ಕೊಳ್ಳುವಾಗ ಹೊಲಿಗೆಯನ್ನು ತಿರುವಿ ನೋಡುವ ನಾನು ಇಲ್ಲಿ ಪೆಟ್ಟಿಗೆಯನ್ನೇ ಒಡೆಸದೆ ತಂದಿದ್ದೆ.

ಉಳಿದದ್ದು ಸ್ವಂತ ಚಿಕಿತ್ಸೆ. ಬ್ರೌಸರಿನಲ್ಲಿ ಜೆಸ್ಕ್ರೀನ್‌ಫಿಕ್ಸ್ ಎಂಬ ಜಾಲತಾಣ ತೆರೆದು, ಬಣ್ಣಗಳು ಹುಚ್ಚೆದ್ದು ಮಿಟುಕುವ ಅದರ ಚೌಕವನ್ನು ಕೆಂಪು ಚುಕ್ಕೆಯ ಮೇಲೆ ಎಳೆದು ಬಿಟ್ಟೆ. ವೋಲ್ಟೇಜು ಸೆಕೆಂಡಿಗೆ ಹಲವು ಬಾರಿ ಏರಿಳಿದಾಗ ಬೆಳಕನ್ನು ಬಿಡುವ, ತಡೆಯುವ ದ್ರವಸ್ಫಟಿಕ ಸಿಕ್ಕಿಕೊಂಡಿದ್ದರೆ ಸಡಿಲಗೊಳ್ಳಬಹುದು ಎಂಬುದು ಲೆಕ್ಕಾಚಾರ. ಹತ್ತು ನಿಮಿಷ ಸಾಕು ಎನ್ನುತ್ತಾರೆ, ನನಗೆ ಸಾಲಲಿಲ್ಲ. ಮೊದಲ ರಾತ್ರಿ ನಡುವೆಯೇ ಕರೆಂಟ್ ಹೋಯಿತು. ಎರಡನೆಯ ರಾತ್ರಿ ಸುಮಾರು ಐದು ಗಂಟೆ ಓಡಿಸಿದೆ; ಬೆಳಿಗ್ಗೆ ಚುಕ್ಕೆ ಒಮ್ಮೆ ಕೆಂಪು, ಒಮ್ಮೆ ಇಲ್ಲ ಎಂಬಂತೆ ಒದ್ದಾಡುತ್ತಿತ್ತು. ಮೂರನೆಯ ರಾತ್ರಿಯ ನಂತರ ಕಾಣಲಿಲ್ಲ. ಎದುರು ಕುಳಿತು ಅದನ್ನು ನೋಡುತ್ತಿರಬೇಡಿ, ತಲೆ ಸುತ್ತುತ್ತದೆ. ಮೂರ್ಛೆರೋಗ ಇರುವವರ ಮುಂದಂತೂ ಆ ಚೌಕವನ್ನು ತೆರೆಯಲೇಬಾರದು.

ಕಪ್ಪು ಚುಕ್ಕೆಗೂ ಅದನ್ನೇ ಮಾಡಿದೆ, ಏನೂ ಆಗಲಿಲ್ಲ. ಆಮೇಲೆ ಒತ್ತುವ ವಿಧಾನ: ಮಾನಿಟರ್ ಆರಿಸಿ, ಒದ್ದೆ ಬಟ್ಟೆಯ ಮೇಲಿಂದ ಬೆರಳ ತುದಿಯಲ್ಲಿ ಮೆಲ್ಲಗೆ ಐದಾರು ಸೆಕೆಂಡು ಒತ್ತಿ, ಒತ್ತಿರುವಾಗಲೇ ಪರದೆ ಹೊತ್ತಿಸುವುದು. ಎರಡು ಬಾರಿ ಮಾಡಿ ಬಿಟ್ಟುಬಿಟ್ಟೆ. ಗೆಳೆಯನೊಬ್ಬ ಪೆನ್ನಿನ ಹಿಂಬದಿಯಿಂದ ಒತ್ತಲು ಹೋಗಿ, ಒಂದು ಚುಕ್ಕೆ ಇದ್ದಲ್ಲಿ ರೂಪಾಯಿಯಗಲದ ಬಿಳಿಚು ಕಲೆ ಮಾಡಿಕೊಂಡಿದ್ದಾನೆ. ಸತ್ತ ಟ್ರಾನ್ಸಿಸ್ಟರನ್ನು ಒತ್ತಿ ಎಬ್ಬಿಸಬಹುದು ಎಂದು ನನಗೆ ಅನ್ನಿಸುವುದಿಲ್ಲ. ಪ್ರತಿ ಪಿಕ್ಸೆಲೂ ತಾನೇ ಬೆಳಗುವ ಓಎಲ್ಇಡಿ ಪರದೆಯನ್ನಂತೂ ಒತ್ತುವ ಮಾತೇ ಬೇಡ.

ಒತ್ತುವ ಮುನ್ನ ಚುಕ್ಕೆಗೆ ಕಾಲಿದೆಯೇ ಎಂದೂ ನೋಡಿಕೊಳ್ಳಬೇಕು, ತಮಾಷೆಯಲ್ಲ. ಮೆಣಸಿನ ಗಿಡಕ್ಕೆ ಬೀಳುವ ಥ್ರಿಪ್ಸ್ ನುಸಿಯಂಥ ಹುಳುಗಳು ಬೆಳಕಿಗೆ ಮರುಳಾಗಿ ಅಂಚಿನ ಸಂದಿನಿಂದ ಪರದೆಯ ಪದರಗಳ ನಡುವೆ ನುಸುಳುತ್ತವೆ. ಕಳೆದ ವರ್ಷ ನನ್ನ ಹಳೆಯ ಮಾನಿಟರಿನಲ್ಲಿ ಅಂಥದ್ದೊಂದು ನಿಧಾನಕ್ಕೆ ನಡೆದು ಹೋಯಿತು. ಅದನ್ನು ಒತ್ತಿ ಕೊಂದರೆ ಅಲ್ಲೇ ಸಮಾಧಿ. ನಾನು ಮಾನಿಟರ್ ಆರಿಸಿ ಪಕ್ಕದಲ್ಲಿ ಮೇಜಿನ ದೀಪ ಹಚ್ಚಿಟ್ಟೆ. ಬೆಳಗಾಗುವಷ್ಟರಲ್ಲಿ ಅದು ಇರಲಿಲ್ಲ.

ಕಪ್ಪು ಚುಕ್ಕೆ ಇನ್ನೂ ಇದೆ. ಬಣ್ಣಗಳ ಪಟ್ಟಿಯನ್ನು ಬಲ ಮೇಲ್ತುದಿಗೆ ಎಳೆದು ಅದರ ಬೂದು ಅಂಚಿನಡಿ ಅಡಗಿಸಿದ್ದೇನೆ. ವಿನ್ಯಾಸವನ್ನು ಪೂರ್ತಿ ಪರದೆಯಲ್ಲಿ ತೋರಿಸುವಾಗ ಮಾತ್ರ ಹೊರಗೆ ಬರುತ್ತದೆ. ಕಸೂತಿ ಯಂತ್ರ ನಡೆಸುವ ಹಿರಿಯರೊಬ್ಬರು ಪ್ರತಿ ಸಲವೂ ಅದರತ್ತ ಬೆರಳು ಮಾಡಿ, ‘ಅಲ್ಲೊಂದು ಹೊಲಿಗೆ ಬಿಟ್ಟಿದ್ದೀರಿ’ ಎನ್ನುತ್ತಾರೆ.