ಗೊಬ್ಬರದ ರಾಶಿಯಿಂದ ಕೆಂಪಿರುವೆ ಬಿಡಿಸಿದ್ದು ಹೀಗೆ

ರಾಯಚೂರಿನ ಬಿಸಿಲಿಗೆ ನಮ್ಮ ಹಿತ್ತಲಿನ ಗೊಬ್ಬರದ ರಾಶಿ ಪೂರ್ತಿ ಒಣಗಿತ್ತು. ಬುಡದಲ್ಲಿ ರವೆಯಂಥ ಸಣ್ಣ ಮಣ್ಣು ಎದ್ದಿತ್ತು. ಸಲಿಕೆ ಹಾಕಿದರೆ ಸಾಕು, ಕೆಂಪಿರುವೆಗಳು ಹಿಡಿಕೆ ಹತ್ತಿ ಕೈಗೆ ಬರುತ್ತಿದ್ದವು. ಕಡಿದಲ್ಲಿ ಉರಿ, ಮರುದಿನ ಕೀವಿನ ಗುಳ್ಳೆ.

ಅರಿಶಿನ, ಬೂದಿ, ಇರುವೆ ಚಾಕ್ ಯಾವುದೂ ಕೆಲಸಕ್ಕೆ ಬರಲಿಲ್ಲ. ದಾರಿ ಬದಲಿಸಿದವು, ಅಷ್ಟೇ. ರಾಶಿ ಮೇಲೆ ಕುದಿಯುವ ನೀರು ಸುರಿದರೆ ಮೇಲಿನವು ಸತ್ತವು, ಆಳದಲ್ಲಿದ್ದ ರಾಣಿ ಉಳಿಯಿತು. ಸೀಮೆಎಣ್ಣೆ, ವಿಷದ ಪುಡಿ ತರಕಾರಿಗೆ ಹಾಕುವ ಗೊಬ್ಬರಕ್ಕೆ ಬೇಡವೇ ಬೇಡ.

ಕೊನೆಗೆ ಓಡಿಸಿದ್ದು ತೇವ ಮತ್ತು ಕಾವು. ಒಣಗಿದ, ಯಾರೂ ಕೆದಕದ ರಾಶಿಯೇ ಇವಕ್ಕೆ ಇಷ್ಟ. ಬೆಳಿಗ್ಗೆ ತಂಪು ಹೊತ್ತಿನಲ್ಲೇ ಶುರು ಮಾಡಿ, ಬಿಸಿಲೇರಿದರೆ ಆಳಕ್ಕೆ ಇಳಿಯುತ್ತವೆ. ಗಂಬೂಟ್ ಹಾಕಿಕೊಳ್ಳಿ. ಸಲಿಕೆ ಹಿಡಿಕೆಗೆ ಟಾಲ್ಕಂ ಪೌಡರ್ ಸವರಿ, ಅದರ ಮೇಲೆ ಇರುವೆ ಕಾಲು ಜಾರುತ್ತದೆ. ಇಡೀ ರಾಶಿಯನ್ನು ಪಕ್ಕಕ್ಕೆ ಎಳೆದು ಹೊಸದಾಗಿ ಕಟ್ಟಿ: 2 ಬುಟ್ಟಿ ಕತ್ತರಿಸಿದ ಜೋಳದ ಕಣಕಿಗೆ (ಒಣ ದಂಟು) 1 ಬುಟ್ಟಿ ಹಸಿ ಕಸ, ಪ್ರತಿ ಪದರಕ್ಕೂ ಸಗಣಿ ನೀರು. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು. ಧಾರೆ ಇಳಿದರೆ ನೀರು ಜಾಸ್ತಿ. ರಾಶಿ 3 ಅಡಿ ಅಗಲ, 3 ಅಡಿ ಎತ್ತರ ಇರಲಿ, ಚಿಕ್ಕದಾದರೆ ಕಾವು ಏರುವುದಿಲ್ಲ. ನಡುವೆ 55 ಡಿಗ್ರಿ ಮುಟ್ಟಿದರೆ ಇರುವೆ ಅಲ್ಲಿ ನಿಲ್ಲುವುದಿಲ್ಲ.

ಹಳೆ ಜಾಗದಲ್ಲಿ ಈಗ ಗೂಡಿನ ಬಾಯಿ ಕಾಣುತ್ತದೆ, ಅಲ್ವಾ? ಅಲ್ಲಿಗೆ 10 ಲೀಟರ್ ಕುದಿಯುವ ನೀರನ್ನು ನಿಧಾನವಾಗಿ ಹುಯ್ಯಿರಿ. ಗಿಡದ ಬೇರು ಹತ್ತಿರ ಇರಬಾರದು.

ಆಮೇಲೆ 3-4 ದಿನಕ್ಕೊಮ್ಮೆ ತಿರುವಿ, ಒಣಗಿದ ಅಂಚನ್ನು ಒಳಗೆ ಸೇರಿಸಿ. ಹಸಿ ಕಸವನ್ನು ಸುಮ್ನೆ ಮೇಲೆ ಎಸೆಯದೆ ಗೇಣುದ್ದ ಆಳಕ್ಕೆ ಹೂಳಿ.