ಕೋಬುರ್ಗ್‌ಗೆ ಹೊಸಬರೇ? ಊರಿನ ಲಾಂಛನದ ಆ ಮುಖ ಯಾರದು ಅಂತ ತಿಳಿದುಕೊಳ್ಳಿ

ಹಳದಿ ಹಿನ್ನೆಲೆ, ಪಕ್ಕಕ್ಕೆ ತಿರುಗಿದ ಕಪ್ಪು ಮುಖ, ಕಿವಿಯಲ್ಲಿ ಚಿನ್ನದ ಓಲೆ. ಜರ್ಮನಿಯ ಕೋಬುರ್ಗ್‌ನಲ್ಲಿ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳದ ಮೇಲೂ ಇದು ಕಾಣುತ್ತದೆ. ಓದಲು ಬಂದ ನಮ್ಮ ಹುಡುಗರು ಇದನ್ನು ನೋಡಿ, ಕಪ್ಪು ಜನರನ್ನು ಗೇಲಿ ಮಾಡೋಕೆ ಇಟ್ಟಿದ್ದಾರಾ ಅಂತ ಕೇಳುತ್ತಾರೆ. ಹಾಗಲ್ಲ. ಇದು ಸಂತ ಮೌರಿಷಿಯಸ್‌ನ ಮುಖ, ಈ ಊರನ್ನು ಕಾಯುವ ಸಂತ.

ಕಥೆಯ ಪ್ರಕಾರ ಆತ ಈಜಿಪ್ಟಿನ ಥೀಬ್ಸ್ ಕಡೆಯಿಂದ ಬಂದ ರೋಮನ್ ಪಡೆಯ ನಾಯಕ. ತನ್ನದೇ ಕ್ರೈಸ್ತ ಧರ್ಮದವರನ್ನು ಹಿಂಸಿಸಲು ಒಪ್ಪದೆ ಪ್ರಾಣ ಕೊಟ್ಟವನು. ಊರಿನ ಮೊರಿಟ್ಸ್ ಚರ್ಚ್‌ಗೂ ಅವನದೇ ಹೆಸರು. 1530ರಲ್ಲಿ ಕ್ರೈಸ್ತ ಧರ್ಮ ಸುಧಾರಕ ಮಾರ್ಟಿನ್ ಲೂಥರ್ ಅಲ್ಲಿ ಉಪದೇಶ ಮಾಡಿದ್ದರು. ಮಾರ್ಕೆಟ್ ಚೌಕದಲ್ಲಿ ನಿಂತು ಪುರಸಭೆ ಕಟ್ಟಡದ ತುದಿಯನ್ನು ನೋಡಿ. ಅಲ್ಲೂ ಅವನೇ, ಕೈಯಲ್ಲಿ ಕೋಲು. ಇಲ್ಲಿನ ಬ್ರಾಟ್‌ವುರ್ಸ್ಟ್ ಸಾಸೇಜ್ ಎಷ್ಟು ಉದ್ದ ಇರಬೇಕು ಅನ್ನೋದಕ್ಕೆ ಆ ಕೋಲೇ ಅಳತೆ ಅಂತ ಊರವರು ಪ್ರೀತಿಯಿಂದ ಹೇಳುತ್ತಾರೆ.

ಇನ್ನೊಂದು ವಿಷಯ ಜಾಸ್ತಿ ಮುಖ್ಯ. 1929ರಲ್ಲಿ ನಾಜಿಗಳಿಗೆ ನಗರಸಭೆಯಲ್ಲಿ ಬಹುಮತ ಸಿಕ್ಕ ಮೊದಲ ಜರ್ಮನ್ ಊರು ಇದು. ಕಪ್ಪು ಮುಖವನ್ನು ಅವರು ಸಹಿಸಲಿಲ್ಲ. 1934ರಲ್ಲಿ ಅದನ್ನು ತೆಗೆದು, ಹಿಡಿಯಲ್ಲಿ ಸ್ವಸ್ತಿಕ ಇರುವ ಕತ್ತಿಯನ್ನು ಲಾಂಛನ ಮಾಡಿದರು. 1945ರಲ್ಲಿ ಊರು ಮೌರಿಷಿಯಸ್‌ನನ್ನು ವಾಪಸ್ ತಂದಿತು. (ಹಬ್ಬದ ದಿನ ಬೀದಿಗೆ ಕಾಣುವ ಬಾಗಿಲಲ್ಲಿ ಸ್ವಸ್ತಿಕದ ರಂಗೋಲಿ ಬಿಡಿಸುವ ಮುಂಚೆ ಇದು ನೆನಪಿರಲಿ. ಇಲ್ಲಿನವರ ಕಣ್ಣಿಗೆ ಅದು ನಾಜಿಗಳ ಗುರುತು. ಮನೆಯೊಳಗೆ, ದೇವರ ಮುಂದೆ ಬಿಡಿಸಿಕೊಳ್ಳಿ.)

ಹಾಗಂತ ತಕರಾರೇ ಇಲ್ಲ ಅಂತಲ್ಲ. ದಪ್ಪ ತುಟಿ, ಓಲೆ ಎಲ್ಲ ಹಳೇ ಕಾಲದ ಪೂರ್ವಗ್ರಹದ ಚಿತ್ರ ಅಂತ 2020ರಲ್ಲಿ ಬದಲಾವಣೆ ಕೇಳಿದವರಿದ್ದರು, ಉಳಿಸಿ ಅಂದವರೂ ಇದ್ದರು. ಲಾಂಛನ ಉಳಿಯಿತು. ನನ್ನ ಪ್ರಕಾರ ಸಂತ ಇರಬೇಕು, ಚಿತ್ರ ಬರೆಯುವ ರೀತಿ ಬದಲಾಗಬಹುದು. ಊರವರು ಅದನ್ನು 'ಮೋರ್' ಅನ್ನುತ್ತಾರೆ, ಕಪ್ಪು ಜನರಿಗೆ ಬಳಸುತ್ತಿದ್ದ ಹಳೇ ಜರ್ಮನ್ ಪದ. ಆ ಪದ ಆಫ್ರಿಕಾ ಮೂಲದ ಗೆಳೆಯರಿಗೆ ನೋವು ಕೊಡುತ್ತದೆ, ನೀವು ಮೌರಿಷಿಯಸ್ ಅನ್ನಿ, ಸಾಕು.

ಲಾಂಛನದಲ್ಲಿ ಈ ಊರು ಇರುವ ಬವೇರಿಯಾ ರಾಜ್ಯದ ನೀಲಿ-ಬಿಳಿ ಚೌಕಳಿ ಇಲ್ಲ, ಗಮನಿಸಿದ್ರಾ? ಕೋಬುರ್ಗ್ ಬವೇರಿಯಾಕ್ಕೆ ಸೇರಿದ್ದೇ 1920ರಲ್ಲಿ, ಜನರ ಮತದಾನದ ನಂತರ.

ಕೊನೆಯದಾಗಿ, ರಾಜ್ಯೋತ್ಸವದ ಪೋಸ್ಟರ್‌ನಲ್ಲಿ ನಮ್ಮ ಹಳದಿ-ಕೆಂಪು ಬಾವುಟದ ಪಕ್ಕ ಊರಿನ ಲಾಂಛನ ಹಾಕೋಣ ಅಂತ ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಒಳ್ಳೆಯ ಯೋಚನೆಯೇ. ಆದರೆ ಬವೇರಿಯಾದ ಕಾನೂನಿನಲ್ಲಿ ಊರಿನ ಲಾಂಛನ, ಬಾವುಟ ಎರಡನ್ನೂ ಬೇರೆಯವರು ಬಳಸಲು ಊರಿನ ಒಪ್ಪಿಗೆ ಬೇಕು. ಸುಮ್ನೆ ನೆಟ್‌ನಿಂದ ಇಳಿಸಿಕೊಂಡು ಹಾಕಬೇಡಿ. ಕಾರ್ಯಕ್ರಮದ ವಿವರ, ಪೋಸ್ಟರ್‌ನ ಕರಡು ಜೊತೆಗಿಟ್ಟು ಪುರಸಭೆಗೆ ಮೊದಲೇ ಪತ್ರ ಬರೆಯಿರಿ. ಉತ್ತರ ಬಂದ ಮೇಲೆ ಅಚ್ಚಿಗೆ ಕೊಡಿ.